ಬಾಗಿಲು ಬರೆಯುವ ದಿನ

ಬೇಲೂರಿನಲ್ಲಿ ಉಗ್ರಪ್ಪನ ಮನೆ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಅವನು ಮಾಡುವ ಕೆಲಸ ಏನು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನವರಿಗೆ ಅವನು ಬೋರ್ಡು ಬರೆಯುವವನು. ಹಳ್ಳಿ ನಾಟಕದವರಿಗೆ ಪರದೆ ಬರೆಯುವವನು. ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಕಲ್ಲಿನ ಆನೆ, ನಂದಿ ಮಾರುವವರಿಗೆ ಒಂದು ಕಾಲದಲ್ಲಿ ಜೊತೆಗೆ ಕೂತು ಕಲ್ಲು ಉಜ್ಜಿದವನು. ಅವನನ್ನೇ ಕೇಳಿದರೆ ಗಡ್ಡ ನೀವಿಕೊಂಡು, "ನಾನು ನೆನಪಿನ ಮೇಲೆ ಕೆಲಸ ಮಾಡ್ತೀನಿ" ಎನ್ನುತ್ತಿದ್ದ. ನೆನಪಿನ ಮೇಲೆ ಕೆಲಸ ಮಾಡುವವನಿಗೆ ಅಷ್ಟೊಂದು ಮರೆವು ಇರಬಾರದಿತ್ತು, ಅದು ಬೇರೆ ಮಾತು. ಆ ಮರೆವಿನ ಕಥೆಯನ್ನೇ ಈಗ ಹೇಳಬೇಕಾಗಿದೆ.

ಅವನ ಮೂಲ ಅರಸೀಕೆರೆ ಸೀಮೆಯ ಒಂದು ಹಳ್ಳಿ. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಅವನ ಕೇರಿಯ ಮುಕ್ಕಾಲು ಮನೆಗಳು ಬೀಗ ಹಾಕಿಕೊಂಡು ಘಟ್ಟಕ್ಕೆ ಹೊರಡುತ್ತಿದ್ದವು. ಘಟ್ಟವೆಂದರೆ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳು. ಮೇಸ್ತ್ರಿ ಲಾರಿ ತರುತ್ತಿದ್ದ. ಪಾತ್ರೆ ಪಡಗ, ಹಿಟ್ಟಿನ ಚೀಲ, ಕೋಳಿ, ಮಕ್ಕಳು ಎಲ್ಲವೂ ಒಂದೇ ಲಾರಿಯಲ್ಲಿ. ತೋಟದಲ್ಲಿ ಕೂಲಿಯವರಿಗೆಂದು ಉದ್ದಕ್ಕೆ ಕಟ್ಟಿದ ಲೈನ್ ಮನೆ, ಒಂದು ಸಂಸಾರಕ್ಕೆ ಒಂದು ಕೋಣೆ. ಹಣ್ಣು ಕೊಯ್ದು ಮುಗಿಸಿ ಯುಗಾದಿಗೆ ಮುಂಚೆ ಊರಿಗೆ ವಾಪಸ್ಸು.

ಅವನ ತಾಯಿ ದ್ಯಾವಮ್ಮ ಆ ಕೋಣೆಗೆ ಕಾಲಿಟ್ಟ ಮೊದಲ ಭಾನುವಾರವೇ ಕೆಮ್ಮಣ್ಣು ಕಲಸಿ, ಸುಣ್ಣ ನೆನೆಸಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಮೇಲೆ ಊರಿನ ಮನೆ ಬರೆಯಲು ಕೂರುತ್ತಿದ್ದಳು. ಒಂದು ವಾರ ಸೂರು, ಇನ್ನೊಂದು ವಾರ ಜಗಲಿ, ಆಮೇಲೆ ಹುಣಸೆ ಮರ, ಅದರ ಕೆಳಗೆ ಕಟ್ಟಿದ ಎಮ್ಮೆ. ಕೇರಿಯ ಹೆಂಗಸರೆಲ್ಲ ಹಾಗೆ ಬರೆಯುವವರೇ. ದ್ಯಾವಮ್ಮನ ಕೈ ಮಾತ್ರ ಬೇರೆ. ಅವಳು ಬರೆದ ಎಮ್ಮೆ ಕತ್ತು ತಿರುಗಿಸಿ ನೋಡುತ್ತಿತ್ತು. ಹುಡುಗ ಉಗ್ರಪ್ಪ ಒಲೆಯ ಪಕ್ಕ ಕಂಬಳಿಯೊಳಗೆ ಮುದುಡಿಕೊಂಡು ಮೂರು ತಿಂಗಳು ಆ ಮನೆ ಬೆಳೆಯುವುದನ್ನು ನೋಡುತ್ತಿದ್ದ. ಅದಕ್ಕೆ ಬಾಗಿಲು ಇರುತ್ತಿರಲಿಲ್ಲ. ಬಾಗಿಲೆಲ್ಲಿ ಅವ್ವ ಎಂದರೆ, "ಕೆಲ್ಸ ಇನ್ನೂ ಐತೆ, ಮನಿಕ್ಕೊ" ಎನ್ನುತ್ತಿದ್ದಳು. ಹೊರಡುವ ದಿನ ಬೆಳಿಗ್ಗೆ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಲಾರಿಯಲ್ಲಿ ಜಾಗ ಹಿಡಿಯಲು ಮೊದಲೇ ಹೋಗುತ್ತಿದ್ದ. ಅವ್ವ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು. ಅವಳ ಕೈ ಕೆಂಪಾಗಿರುತ್ತಿತ್ತು. ಒಲೆ ಸಾರಿಸಿ ಬಂದಳೇನೋ ಎಂದು ಹುಡುಗ ಅಂದುಕೊಳ್ಳುತ್ತಿದ್ದ.

ಹೈಸ್ಕೂಲಿಗೆ ಅರಸೀಕೆರೆಯ ಹಾಸ್ಟೆಲ್ ಸೇರಿದ ಮೇಲೆ ಘಟ್ಟ ತಪ್ಪಿತು, ಹೆಸರು ತಪ್ಪಲಿಲ್ಲ. ಕಂಬಳಿಯಲ್ಲಿ ಸೌದೆ ಹೊಗೆಯ ವಾಸನೆ ಬರುತ್ತದೆಂದು ಹುಡುಗರು ಅವನನ್ನು "ಏನ್ಲಾ ಘಟ್ಟ" ಎಂದೇ ಕರೆಯುತ್ತಿದ್ದರು. ಅವನು ಆ ಕಂಬಳಿಯನ್ನು ಮೂರು ಸಲ ಒಗೆದ. ವಾಸನೆ ಹೋಯಿತು, ನಾಚಿಕೆ ಹೋಗಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಜಯದೇವಪ್ಪನವರೊಬ್ಬರು ಅವನ ಕೈ ನೋಡಿ, "ಯಾರಯ್ಯ ನಿನಗೆ ಇದನ್ನ ಕಲಿಸಿದ್ದು?" ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿಕೊಂಡು, "ನಮ್ಮವ್ವ ಸಾ" ಎಂದಿದ್ದ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಆಮೇಲೆ ಹೊಟ್ಟೆಪಾಡು. ಬೇಲೂರಿನಲ್ಲಿ ಬೋರ್ಡು, ಸುತ್ತಿನ ಹಳ್ಳಿಗಳಲ್ಲಿ ನಾಟಕದ ಪರದೆ, ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಹಳೇಬೀಡಿನಲ್ಲಿ ಕಲ್ಲು. ಬಿಡುವಿದ್ದಾಗ ಹಳೆಯ ಗೋಣಿಚೀಲ ಬಿಚ್ಚಿ ಅದರ ಮೇಲೆ ಕೆಮ್ಮಣ್ಣು, ಸುಣ್ಣದಲ್ಲಿ ಬಾಗಿಲಿಲ್ಲದ ಮನೆ ಬರೆಯುತ್ತಿದ್ದ. ತೊಂಬತ್ನಾಲ್ಕರಲ್ಲಿ ಬೆಂಗಳೂರಿನ ಪತ್ರಿಕೆಯವನೊಬ್ಬ ಹಳೇಬೀಡಿಗೆ ಬಂದು ಅವುಗಳನ್ನು ಕಂಡು ಬೆರಗಾದ. "ಈ ಗೆರೆ ನಿಮಗೆ ಎಲ್ಲಿಂದ ಬಂತು? ನಿಮ್ಮದು ಕಲಾವಿದರ ಮನೆತನವೇ?" ಎಂದು ಕೇಳಿದ. ಉಗ್ರಪ್ಪನ ಮೈಯೆಲ್ಲ ಕಲ್ಲಿನ ಪುಡಿ, ಕೈಯಲ್ಲಿ ಉಳಿ. "ನಮ್ಮ ತಾತ ಕಲ್ಲು ಕೆತ್ತೋರು" ಎಂಬ ಮಾತು ಬಾಯಿಂದ ಬಿದ್ದೇ ಹೋಯಿತು. ನಿಜವಾದ ತಾತ ಊರವರ ದನ ಮೇಯಿಸಿಕೊಂಡಿದ್ದು ಸತ್ತವನು. ಅಚ್ಚಾಗಿ ಬಂದ ತಾತನಿಗೆ ದಿನೇ ದಿನೇ ಕೈಕಾಲು ಮೂಡಿದವು. ಎರಡನೇ ಲೇಖನದಲ್ಲಿ ಅವನಿಗೆ ಬಿಳಿ ಮೀಸೆ ಬಂತು. ಮೂರನೆಯದರಲ್ಲಿ ಅವನು ವೇದಾಂತ ಹೇಳಲು ಶುರುಮಾಡಿದ್ದ, "ವಲಸೆ ಹೋದವನ ಮನೆಗೆ ಬಾಗಿಲಿರುವುದಿಲ್ಲ ಮಗು" ಅಂತ. ಸುಳ್ಳು ಹೇಳುವಾಗ ಉಗ್ರಪ್ಪನಿಗೆ ಪ್ರತಿ ಸಲವೂ ಕಿವಿ ಬಿಸಿಯಾಗುತ್ತಿತ್ತು. ಆದರೂ ಹೇಳುತ್ತಿದ್ದ.

ತೊಂಬತ್ತೇಳರಲ್ಲಿ ಅಪ್ಪ ತೀರಿಕೊಂಡ ಮೇಲೆ ದ್ಯಾವಮ್ಮನನ್ನು ಬೇಲೂರಿನ ಬಾಡಿಗೆ ಮನೆಗೆ ಕರೆತಂದ. ಹೆಂಡತಿ ರಮಾ ಪ್ರೈಮರಿ ಶಾಲೆಯ ಟೀಚರು, ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಂಡಳು. ಸೌದೆ ಇಡುತ್ತಿದ್ದ ಹಿಂದಿನ ಕೋಣೆಯನ್ನು ಅವಳಿಗೆ ಖಾಲಿ ಮಾಡಿಕೊಟ್ಟರು. ಬಂದ ವಾರವೇ ದ್ಯಾವಮ್ಮ ಕೆಮ್ಮಣ್ಣು ಕಲಸಿ ಗೋಡೆಯ ಮೇಲೆ ಸೂರು ಬರೆದಳು. ಉಗ್ರಪ್ಪ ನಕ್ಕುಬಿಟ್ಟ.

"ಇದು ತೋಟದ ಲೈನ್ ಅಲ್ಲ ಕಣವ್ವ. ನಿನ್ನ ಮನೇನೇ."

"ಇರ್ಲಿ ಬುಡು" ಎಂದು ಅವಳು ಜಗಲಿ ಬರೆಯತೊಡಗಿದಳು.

ಅವನು ಸುಮ್ಮನೆ ಬಿಡಲಿಲ್ಲ. ಕ್ಯಾಮರಾ ತಂದು ಒಂದೊಂದು ಗೆರೆಯ ಫೋಟೋ ತೆಗೆದ, ಅದನ್ನು ನೋಡಿಕೊಂಡು ಗೋಣಿಯ ಮೇಲೆ ಬರೆದ. ಟೇಪ್ ರೆಕಾರ್ಡರ್ ತಂದು, ಸರಿಯಾಗಿದೆಯಾ ನೋಡೋಣ ಒಂದು ಹಾಡು ಹೇಳವ್ವ ಎಂದು ಹಣ್ಣು ಕೊಯ್ಯುವ ಹಾಡನ್ನೆಲ್ಲ ಹೇಳಿಸಿಕೊಂಡ. ಅವಳು ಅವರೆಕಾಯಿ ಸುಲಿಯುತ್ತ ಹಾಡಿದಳು. ಯಾಕೆ, ಏನು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ಎರಡು ಸಾವಿರದ ಮೂರರಲ್ಲಿ ಅವನ ದೊಡ್ಡ ಪ್ರದರ್ಶನ ಬೇಲೂರಿನಲ್ಲೇ ಆಯಿತು. ಹಗರೆ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಕಾಫಿ ಗೋಡೌನನ್ನು ತೊಳೆಸಿ, ಉದ್ದನೆಯ ಗೋಡೆಯ ತುಂಬ ಮನೆ ಬರೆದಿದ್ದ. ಒಂದು ಕಡೆ ಕಲ್ಲಿನ ಕೋಳಿಗಳು, ಇನ್ನೊಂದು ಕಡೆ ಲೈನ್ ಮನೆಗಳ ಫೋಟೋ, ಮೂಲೆಯ ಸ್ಪೀಕರಿನಲ್ಲಿ ಹಾಡು. ಸ್ಪೀಕರಿನ ಕೆಳಗೆ ಅವನದೇ ದುಂಡು ಅಕ್ಷರದ ಚೀಟಿ: "ಧ್ವನಿ: ಅನಾಮಿಕ ಕೂಲಿ ಹೆಂಗಸು." ಪ್ರದರ್ಶನದ ಹೆಸರು "ಬಾಗಿಲಿಲ್ಲದ ಮನೆ". ಬೆಂಗಳೂರಿನಿಂದ ಮುಖ್ಯ ಅತಿಥಿಯಾಗಿ ಕಲಾ ವಿಮರ್ಶಕಿಯೊಬ್ಬರು ಬಂದಿದ್ದರು. ಅರಸೀಕೆರೆಯಿಂದ ಮುದುಕರಾದ ಜಯದೇವಪ್ಪ ಮೇಷ್ಟ್ರೂ ಕೋಲೂರಿಕೊಂಡು ಬಂದಿದ್ದರು. ಕಲ್ಲು ಕೆತ್ತುವ ತಾತನ ವಿಷಯವನ್ನು ಭಾಷಣದಲ್ಲಿ ಹೇಳುವಾಗ ಉಗ್ರಪ್ಪ ಮೇಷ್ಟ್ರು ಕೂತ ಕಡೆ ನೋಡಲಿಲ್ಲ. ಅವ್ವನಿಗೆ ಮಂಡಿನೋವು, ಬರುವುದಿಲ್ಲ ಎಂದು ಮನೆಯಲ್ಲಿ ಅವನೇ ತೀರ್ಮಾನ ಮಾಡಿ ಬಂದಿದ್ದ.

ರಮಾಗೆ ಇದೆಲ್ಲ ಗೊತ್ತಿರಲಿಲ್ಲ. ಪತ್ರಿಕೆಯ ತಾತನನ್ನು ಅವಳು ನಿಜವೆಂದೇ ನಂಬಿದ್ದಳು. ಮಗನ ಇಷ್ಟು ದೊಡ್ಡ ದಿನ ತಾಯಿ ನೋಡದಿದ್ದರೆ ಹೇಗೆ ಎಂದು ಅತ್ತೆಗೆ ಹೊಸ ಸೀರೆ ಉಡಿಸಿ ಆಟೋದಲ್ಲಿ ಕರೆದುಕೊಂಡು ಬಂದಳು. ದ್ಯಾವಮ್ಮ ಗೋಡೌನಿನ ಒಳಗೆ ಬಂದವಳು ಸ್ಪೀಕರಿನ ಮುಂದೆ ನಿಂತುಬಿಟ್ಟಳು.

"ಅಯ್, ಇದು ನನ್ ದನಿ ಅಲ್ವಾ?" ಎಂದು ರಮಾಳ ಕೈ ಹಿಡಿದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಚೀಟಿಯನ್ನು ಓದಿದವಳು ರಮಾ. ಅವಳ ಮುಖ ಬಿಳಿಚಿಕೊಂಡಿತು.

ವಿಮರ್ಶಕಿ ಅದನ್ನು ಕೇಳಿಸಿಕೊಂಡು ಹತ್ತಿರ ಬಂದರು. "ಇವರು ಯಾರು ಉಗ್ರಪ್ಪ?"

ಮೂರೇ ಅಕ್ಷರದ ಉತ್ತರ. ಸುತ್ತ ಹತ್ತಿಪ್ಪತ್ತು ಜನ, ಎಲ್ಲರ ಕೈಯಲ್ಲೂ ತಾತನ ಕಥೆ ಅಚ್ಚಾದ ಪ್ರದರ್ಶನದ ಪುಸ್ತಿಕೆ. ಉಗ್ರಪ್ಪ ಆ ಪುಸ್ತಿಕೆಗಳ ಕಡೆ ನೋಡಿದ.

"ಇವರು... ತೋಟದಲ್ಲಿ ಕೆಲಸ ಮಾಡಿದವರು ಮೇಡಂ. ನನಗೆ ಮಾಹಿತಿ ಕೊಟ್ಟವರು."

ದ್ಯಾವಮ್ಮ ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. ಚಿಕ್ಕಂದಿನಲ್ಲಿ ಅವನು ಬೆಲ್ಲ ಕದ್ದು ಸಿಕ್ಕಿಬಿದ್ದಾಗಲೂ ಹಾಗೇ ನೋಡುತ್ತಿದ್ದಳು. ಆಮೇಲೆ ಸೆರಗು ಎಳೆದುಕೊಂಡು ವಿಮರ್ಶಕಿಗೆ ಕೈ ಮುಗಿದಳು.

"ಹೂ ಕಣ್ರವ್ವ, ನಾನು ತೋಟದ ಆಳು. ಇವ್ರು ಒಳ್ಳೇವ್ರು. ವಯಸ್ಸಾದೋಳು ಅಂತ ಮನೇಲಿ ಇಕ್ಕೊಂಡವ್ರೆ, ಹೊಟ್ಟೆ ತುಂಬ ಊಟ ಹಾಕ್ತಾರೆ."

ಉಗ್ರಪ್ಪನಿಗೆ ನಿಂತ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ನೆಲಕ್ಕೆ ಅವನ ಮೇಲೆ ಅಷ್ಟು ಕರುಣೆ ಇರಲಿಲ್ಲ. ವಿಮರ್ಶಕಿ ಖುಷಿಯಾಗಿ ಮುದುಕಿಯನ್ನು ಗೋಡೆಯ ಮುಂದೆ ಕರೆದುಕೊಂಡು ಹೋದರು. "ನೋಡಿ ಅಮ್ಮ, ಈ ಮನೆಗೆ ಬಾಗಿಲೇ ಇಲ್ಲ. ವಲಸೆ ಹೋದವರಿಗೆ ಹಿಂತಿರುಗುವ ದಾರಿ ಇಲ್ಲ ಅಂತ ಇವರ ತಾತ ಹೇಳುತ್ತಿದ್ದರಂತೆ. ನಿಮಗೂ ಹಾಗನ್ನಿಸುತ್ತಾ?"

"ಯಾರಂದ್ರವ್ವ ಹಂಗಂತ? ಬಾಗ್ಲಿಲ್ದ ಮನೆ ಎಲ್ಲಾದ್ರೂ ಉಂಟಾ?" ದ್ಯಾವಮ್ಮ ನಕ್ಕಳು. "ಕೊನೇ ದಿನ ಬರೀತೀವಿ. ಮೊದ್ಲೇ ಬರುದ್ರೆ ಜೀವ ಆ ಬಾಗ್ಲಾಗೇ ಊರಿಗೆ ಹೋಗ್ಬುಡ್ತದೆ, ಕೈ ಕೆಲ್ಸಕ್ಕೆ ಬರಾಕಿಲ್ಲ. ಹಣ್ಣು ಮುಗೀತು, ಗಂಟು ಕಟ್ಟುದ್ವಿ, ಬಾಗ್ಲು ಬರುದ್ವಿ, ಎದ್ವಿ. ಅಷ್ಟೇಯ."

ವಿಮರ್ಶಕಿ ಪುಸ್ತಿಕೆಯನ್ನೂ ಗೋಡೆಯನ್ನೂ ನೋಡಿ, ಪುಸ್ತಿಕೆಯನ್ನು ಮುಚ್ಚಿದರು. ಉಗ್ರಪ್ಪನ ಕಣ್ಣಿಗೆ ಲಾರಿಯ ಕಡೆ ನಡೆದು ಬರುತ್ತಿದ್ದ ಅವ್ವನ ಕೆಂಪು ಕೈ ಕಂಡಿತು. ಇಪ್ಪತ್ತು ವರ್ಷ ಬರೆದು ಹೆಸರು ಮಾಡಿದ್ದು ಅವಳ ಅರ್ಧ ಚಿತ್ರವನ್ನು. ಅದು ಅರ್ಧ ಎಂಬುದೂ ಅವನಿಗೆ ತಿಳಿದಿರಲಿಲ್ಲ. ರಮಾ ಅತ್ತೆಯ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಜಯದೇವಪ್ಪ ಮೇಷ್ಟ್ರು ಹೊರಡುವಾಗ ಅವನ ಹತ್ತಿರ ನಿಂತು, "ನಿಮ್ಮ ತಾತ ಕಲ್ಲು ಕೆತ್ತಿದ್ದು ನನಗೆ ಗೊತ್ತೇ ಇರಲಿಲ್ಲ ಕಣಯ್ಯ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದ. ರಮಾ ಅಡುಗೆಮನೆಯಿಂದಲೇ ಹೇಳಿದಳು:

"ಅತ್ತೆ ಮಧ್ಯಾಹ್ನವೇ ಹಗರೆಗೆ ಹೋದ್ರು. ಸಣ್ಣತಾಯಮ್ಮನ ಮನೆಗೆ."

ಸಣ್ಣತಾಯಮ್ಮ ಅವನ ತಂಗಿ. ಹಗರೆಯಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು.

"ನೀನು ತಡೀಲಿಲ್ವಾ?"

"ತಡೆಯೋಕೆ ನಾನ್ಯಾರು ಹೇಳಿ? ಮಾಹಿತಿ ಕೊಟ್ಟೋರ ಸೊಸೆ." ಅವಳು ತಿರುಗಿ ನೋಡಲಿಲ್ಲ. "ಹೋಗಿ ಆ ಕೋಣೆ ನೋಡಿ."

ಹಿಂದಿನ ಕೋಣೆಯಲ್ಲಿ ಚಾಪೆ ಸುತ್ತಿಟ್ಟಿತ್ತು. ಕಂಬಳಿ ಇರಲಿಲ್ಲ, ಬಟ್ಟೆಯ ಗಂಟು ಇರಲಿಲ್ಲ. ಗೋಡೆಯ ಮೇಲೆ ಆರು ವರ್ಷದಿಂದ ಇದ್ದ ಮನೆಗೆ ಬಾಗಿಲು ಬಂದಿತ್ತು. ಎರಡು ಹಲಗೆ, ಹೊಸ್ತಿಲು, ಚಿಲಕ, ಹೊಸ್ತಿಲಿಗೆ ಸುಣ್ಣದ ಚುಕ್ಕಿ. ಒಂದು ಹಲಗೆ ಒಳಕ್ಕೆ ಸ್ವಲ್ಪ ತೆರೆದುಕೊಂಡಿತ್ತು. ಮುಟ್ಟಿದ. ಕೆಮ್ಮಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಅಂಟಿತು. ಆರು ವರ್ಷವೂ ಅವ್ವ ತನ್ನ ಮನೆಯಲ್ಲಿ ಇದ್ದಳು ಎಂದು ಅವನು ತಿಳಿದಿದ್ದ. ಅವಳು ಕೆಲಸಕ್ಕೆ ಬಂದ ಹಾಗೆ ಇದ್ದಳು.

ರಮಾ ಬಾಗಿಲ ಬಳಿ ಬಂದು ನಿಂತಳು.

"ನಿಮ್ಮನ್ನ ಬೈಲಿಲ್ಲ ರೀ ಅವರು. 'ಕೊನೇ ದಿನ ಅವ್ನು ಯಾವತ್ತೂ ನೋಡಿಲ್ಲ ಕಣವ್ವ, ಲಾರಿ ತಾವ ಇರ್ತಿದ್ದ. ಪಾಪ, ಅವ್ನಿಗೆ ಬರೀಯಾಕೆ ಗೊತ್ತಿಲ್ಲ. ನೋಡ್ಕೊಂಡು ಬರ್ಕೊಳ್ಳಿ ಅಂತ ದೊಡ್ಡದಾಗೇ ಬರ್ದಿವ್ನಿ' ಅಂದ್ರು."

ಉಗ್ರಪ್ಪ ಆ ಬಾಗಿಲ ಮುಂದೆ ಕುಸಿದು ಕೂತ. ಅಳು ಬಂತು. ಅಳುವುದಕ್ಕೂ ಅವನಿಗೆ ನಾಚಿಕೆಯಾಯಿತು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಗೋಡೌನಿಗೆ ಹೋಗಿ ಸ್ಪೀಕರಿನ ಕೆಳಗಿನ ಚೀಟಿಯನ್ನು ಕಿತ್ತ. ಬೋರ್ಡು ಬರೆಯುವ ಬ್ರಷ್ಷಿನಲ್ಲಿ ಗೋಡೆಯ ಮೇಲೇ ಬರೆದ: "ಹಾಡು, ಮನೆ, ಎಮ್ಮೆ: ದ್ಯಾವಮ್ಮ, ನನ್ನ ತಾಯಿ." ತಾತನ ಪುಸ್ತಿಕೆಗಳನ್ನು ಗೋಣಿಗೆ ತುಂಬಿ ಮೂಲೆಗಿಟ್ಟ. ಬಾಗಿಲು ಬರೆಯಲು ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತ, ಆದರೆ ಕೈ ಏಳಲಿಲ್ಲ. ಆ ಜಾಗವನ್ನು ಹಾಗೇ ಬಿಟ್ಟು ರಸ್ತೆಗೆ ಬಂದು ಹಗರೆ ಮೇಲೆ ಹೋಗುವ ಹಾಸನದ ಬಸ್ಸಿಗೆ ಕೈ ಅಡ್ಡ ಹಿಡಿದ.

ಬಸ್ಸಿನ ತುಂಬ ಜನ. ಕಂಡಕ್ಟರ್ ಬಂದು, "ಎಲ್ಲಿಗೆ?" ಎಂದ.

"ನಮ್ಮವ್ವನ ಹತ್ರಕ್ಕೆ" ಎಂದ ಉಗ್ರಪ್ಪ. ದನಿ ಜೋರಾಗಿಯೇ ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಊರು ಹೇಳ್ರೀ ಸ್ವಾಮಿ" ಎಂದ ಕಂಡಕ್ಟರ್.