ಅಲಸಂದೆ ಹೂವಿನ ಧೂಳು

ಒಂದೇ ಕುಟುಂಬದ ಗಿಡಗಳಾದ ಅಲಸಂದೆ ಮತ್ತು ಅವರೆಯ ಪರಾಗ ಎಲ್ಲಿ ಹೋಲುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಹಂದನಕೆರೆ ಕಡೆಯ ಹೊಲಗಳಲ್ಲಿ ಹೂ ಕಿತ್ತುಕೊಂಡು ಕಿಬ್ಬನಹಳ್ಳಿಗೆ ಬಂದು ಸೂಕ್ಷ್ಮದರ್ಶಕ ತೆಗೆದರೆ, ನೋಟ ಸ್ಪಷ್ಟಮಾಡುವ ಅದರ ತಿರುಪು ಅಲ್ಲಾಡಲಿಲ್ಲ. ಹೂಗಳು ಆಗಲೇ ಬಾಡತೊಡಗಿದ್ದವು. ಹೂಬಿಡುವ ಕಾಲ ಮುಗಿಯುತ್ತಿತ್ತು; ಇವು ಹೋದರೆ ಮತ್ತೆ ಮುಂದಿನ ವರ್ಷವೇ.

ದಿಕ್ಕುತೋಚದೆ, ರಸ್ತೆಬದಿಯ ಬೈಕ್ ಮೆಕ್ಯಾನಿಕ್ ಖಲೀಲ್ ಸಾಬರ ಮುಂದೆ ಅದನ್ನಿಟ್ಟೆ.

"ಇಂಥದ್ದು ಯಾವತ್ತೂ ಮುಟ್ಟಿಲ್ಲ ಕಣಮ್ಮ," ಎಂದರು. ಆದರೂ ತಿರುಪು ಬಿಚ್ಚಿ, ಗಟ್ಟಿಯಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಬಿಟ್ಟು ಜೋಡಿಸಿದರು. "ಸರಿಹೋಯ್ತಾ ಅಂತ ನೋಡೋದು ಹ್ಯಾಗೆ?"

ಗಾಜಿನ ಮೇಲೆ ಅಲಸಂದೆಯ ಪರಾಗ ಉದುರಿಸಿ, "ನೀವೇ ನೋಡಿ" ಎಂದೆ. ಬಗ್ಗಿದವರು ತುಂಬ ಹೊತ್ತು ತಲೆ ಎತ್ತಲಿಲ್ಲ.

"ಇದು ಹೂವಿನ ಧೂಳಾ? ಮೈಮೇಲೆಲ್ಲ ಬಲೆ ಹೆಣೆದಂಗೈತೆ!"

"ಇದೂ ಅದೇ ಮನೆತನದ್ದು" ಎಂದು ಅವರೆಯದನ್ನು ಇಟ್ಟೆ.

"ಇದ್ರಲ್ಲಿ ಆ ದಪ್ಪ ಬಲೆ ಇಲ್ಲ, ನುಣ್ಣಗೈತೆ. ಎರಡೂ ಒಂದೇ ಮನೆತನ ಅಂದ್ರಲ್ಲಮ್ಮ?"

"ಹೌದು, ದಾಯಾದಿಗಳು."

"ಇಷ್ಟು ವರ್ಷ ಸಾರು ಮಾಡ್ಕೊಂಡು ಉಂಡಿದೀನಿ. ಒಳಗೆ ಇಂಥಾ ಕೆಲಸ ಐತೆ ಅಂತ ಗೊತ್ತೇ ಇರ್ಲಿಲ್ಲ," ಎಂದರು.

ಎಷ್ಟೋ ಸಲ 'ಬಲೆಯಂಥ ಮೈ' ಎಂದು ಗೀಚಿ ಪುಟ ತಿರುವಿದವಳು ನಾನು. ಅವತ್ತು ಅಲಸಂದೆಯದನ್ನೇ ಮತ್ತೆ ಇಟ್ಟು ಬಗ್ಗಿ ನೋಡಿದೆ. ಬಿಸಿಲಿಗೆ ಹೊಳೆಯುತ್ತಿದ್ದ ಆ ಒಂದು ಕಣದಿಂದ ಕಣ್ಣು ಕೀಳಲಾಗಲಿಲ್ಲ.

"ಸಾಬ್ರೇ, ನನ್ ಬೈಕು?" ಎಂದು ಹೊರಗೆ ಯಾರೋ ರೇಗಿದರು.

"ಇರಪ್ಪ, ಇನ್ನೂ ತೊಗರಿ ನೋಡಿಲ್ಲ!"

ನಾನು ತೊಗರಿ ಹೂವನ್ನೇ ತಂದಿರಲಿಲ್ಲ. ಕೊನೆಗೆ ಆ ಬೈಕಿನವರೇ ನಡೆದುಹೋಗಿ ತಮ್ಮ ಹೊಲದಿಂದ ಕಿತ್ತು ತಂದರು.