ತತ್ತಿಯ ಹಬೆ ಕುಡಿದ ರೂಪಾಯಿ

ಎಂಬತ್ತರ ದಶಕದ ಮೊದಮೊದಲಲ್ಲಿ ನಾನು ಮಾನ್ವಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ಹಳೆಯ ನಾಣ್ಯ ಕೂಡಿಡುವುದೊಂದೇ ನನಗಿದ್ದ ಹುಚ್ಚು. ರಾಯಚೂರು ಬಜಾರಿನ ಒಬ್ಬ ವ್ಯಾಪಾರಿಯ ಬಳಿ ನಿಜಾಮರ ಕಾಲದ ಮೂರು ಬೆಳ್ಳಿ ರೂಪಾಯಿ ಕೊಂಡಿದ್ದೆ. ಅಂಚಿನಲ್ಲಿ ನವಿಲುಗರಿಯಂಥ ನೀಲಿ, ನೇರಳೆ. ಐವತ್ತು ವರ್ಷ ಗೋಡೆಯೊಳಗೆ ಹುದುಗಿದ್ದಕ್ಕೆ ಬಂದ ಬಣ್ಣವೆಂದು ಆತ ಹೇಳಿದ್ದ. ನಾನು ಕಂಡಕಂಡವರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ.

ದೇವದುರ್ಗದಲ್ಲಿ ಅವ್ವನ ಬಳಿಯೂ ಅಂಥದೊಂದು ರೂಪಾಯಿ ಇತ್ತು. ಮದುವೆಯಲ್ಲಿ ಅವಳಪ್ಪ ಕೊಟ್ಟದ್ದು; ಬೆಳ್ಳಗೆ ಹೊಳೆಯುತ್ತ ದೇವರ ಜಗಲಿಯ ಮೇಲಿರುತ್ತಿತ್ತು. ಅದರ ಮೇಲಿನ ಫಾರಸಿ ಅಕ್ಷರ ಓದಿಸಿ ಇಸವಿ ತಿಳಿದುಕೊಂಡು ಬರುತ್ತೇನೆಂದು ಕೇಳಿ ಪಡೆದೆ. ರಾಯಚೂರಿನ ಅದೇ ವ್ಯಾಪಾರಿಗೆ ಒಯ್ದು ತೋರಿಸಿದರೆ, "ಇಟ್ಟು ಹೋಗ್ರಿ ಅಕ್ಕೋರ, ಓದಾಕ ಬರೋರಿಗೆ ತೋರಸ್ತೀನಿ" ಅಂದ.

ಮುಂದಿನ ವಾರ ಹೋದರೆ ನೀಲಿ ರೂಪಾಯಿಯೊಂದನ್ನು ಮುಂದಿಟ್ಟ.

"ಇದು ನಮ್ಮದಲ್ರಿ," ಅಂದೆ.

"ನಿಮ್ದೇ ರೀ. ಬರೇ ಬೆಳ್ಳಗಿತ್ತು, ಚಂದ ಮಾಡೀನಿ. ಕೋಳಿ ತತ್ತಿ ಕುದಿಸಿ, ಬಿಸಿ ಇದ್ದಾಗ ಒಡದು, ರೂಪಾಯಿ ಜೋಡಿ ಡಬ್ಬ್ಯಾಗ ಮುಚ್ಚಿಡೋದು. ಮೊದಲ ಹಳದಿ, ಆಮ್ಯಾಲೆ ನೇರಳಿ, ನೀಲಿ. ತಡಾ ಆದ್ರ ಕರ್ರಗಾಗತದ."

"ಹಂಗಾದ್ರ ನನಗ ಮಾರಿದ ಆ ಮೂರು?"

"ಬಣ್ಣಾ ನೋಡೇ ತಗೊಂಡ್ರಲ್ರಿ ನೀವು!" ನಕ್ಕುಬಿಟ್ಟ.

ಪಕ್ಕದಲ್ಲಿ ಗಿರಾಕಿಯೊಬ್ಬ ಅಂಥದೇ ನೀಲಿ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಬಜಾರಿಗೆಲ್ಲ ಕೇಳುವಂತೆ ಹೇಳಿದೆ: "ಯಣ್ಣಾ, ಅದು ಹಳೇ ಬಣ್ಣ ಅಲ್ಲ, ತತ್ತಿ ಹಬಿ! ಇವ್ರೇ ಈಗ ಹೇಳ್ಯಾರ."

"ಮರ್ಯಾದಿಲೇ ಮಾತಾಡ್ರಿ," ಎಂದು ವ್ಯಾಪಾರಿ ಎದ್ದು ನಿಂತ.

"ಒಂದ್ ಮಾತು ಕೇಳದಂಗ ಮಂದಿ ಮನಿ ದೇವರ ಜಗಲಿ ರೂಪಾಯಿ ಕೆಡಿಸಿದ್ರಲ್ಲ, ಅದು ಮರ್ಯಾದಿ ಏನ್ರಿ?"

ಗಿರಾಕಿ ನಾಣ್ಯವನ್ನು ಗಾಜಿನ ಮೇಲಿಟ್ಟು ಹೊರಟುಹೋದ. ವ್ಯಾಪಾರಿಯ ಮುಖದಲ್ಲಿ ತಪ್ಪು ಮಾಡಿದ ಕಳೆ ಒಂದಿಷ್ಟೂ ಇರಲಿಲ್ಲ; ನನ್ನನ್ನೇ ಕೃತಘ್ನಳೆಂಬಂತೆ ನೋಡಿದ.

ದೇವದುರ್ಗದ ಬಸ್ಸಿನಲ್ಲಿ ಸುಳ್ಳೊಂದನ್ನು ಹೊಂದಿಸಿಕೊಂಡಿದ್ದೆ. ತತ್ತಿಯನ್ನು ಹೊಸ್ತಿಲೊಳಗೆ ಬಿಟ್ಟುಕೊಂಡವಳಲ್ಲ ಅವ್ವ. ಆದರೂ ಅವಳೆದುರು ನಿಂತಾಗ ನಿಜವೇ ಬಾಯಿಗೆ ಬಂತು.

ಅವ್ವ ರೂಪಾಯಿಯನ್ನು ಹೊರಳಿಸಿ ಹೊರಳಿಸಿ ನೋಡಿದಳು. "ತತ್ತಿ ಹಾಳಾಗ್ಲಿ, ತೊಳದ್ರ ಹೋಗತದ. ನಮ್ಮಪ್ಪ ಕೊಟ್ಟಿದ್ದು ಚಂದಿಲ್ಲ ಅನ್ನಾಕ ಆಂವ ಯಾರು?"

ಹುಣಸೆ ಹುಳಿ ಹಚ್ಚಿ ತಿಕ್ಕಿದಳು. ಬಣ್ಣ ಬಿಟ್ಟಿತು, ಹೊಳಪೂ ಹೋಯಿತು. ನಾಣ್ಯದ ಮೇಲೆ ಅಚ್ಚಾಗಿದ್ದ ಚಾರ್‌ಮಿನಾರಿನ ಒಂದು ಕಂಬದ ಮೇಲೆ ಬೂದು ಕಲೆ ನಿಂತೇಬಿಟ್ಟಿತು. ಈಗಲೂ ಅದನ್ನು ಕಂಡರೆ ಮೈ ಉರಿಯುತ್ತದೆ. ಅವನ ಮೇಲೆ ಮಾತ್ರವಲ್ಲ, ಆ ನೀಲಿಯನ್ನು ಬಾಯ್ತುಂಬ ಹೊಗಳಿದ್ದ ನನ್ನ ಮೇಲೂ.