ಸರೋವರದ ದಂಡೆಯಲ್ಲಿ ನಾನು ನಿಲ್ಲದ ಫೋಟೋ

ಸ್ಕಾಟ್ಲೆಂಡಿನ ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಕಂಪನಿ ಯಾವುದೆಂದು ಗೊತ್ತಾಗುತ್ತದೆ, ಅದರ ಹಿಂದೆಯೇ ಅಲ್ಲಿ ಕೆಲಸ ಮಾಡಿದವರ ಗುರುತೂ ಸಿಗುತ್ತದೆ. ಅವರಿಗೆ ಆದದ್ದೇ ಸಾಕು.

ಎರಡು ಸಾವಿರದ ಐದರ ಆಸುಪಾಸು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಬಂದ ಹುಡುಗಿ ನಾನು, ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದೆ. ನಮ್ಮ ಆಫೀಸು ಹಳೇ ಮದ್ರಾಸ್ ರಸ್ತೆಯಲ್ಲಿ, ಕೆ.ಆರ್. ಪುರದ ತೂಗುಸೇತುವೆಗಿಂತ ಸ್ವಲ್ಪ ಈಚೆಗೆ. ಸ್ಕಾಟ್ಲೆಂಡಿನ ಒಂದು ವಿಮಾ ಕಂಪನಿಗೆ ಬರುವ ಪತ್ರಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು, ಉತ್ತರ ತಯಾರಿಸುವುದು ನಮ್ಮ ಕೆಲಸ. ಒಂದು ದಿನ ಮ್ಯಾನೇಜರು ನನ್ನನ್ನೂ ಫ್ರೇಜರ್ ಟೌನಿನ ನನ್ನ ಗೆಳತಿಯನ್ನೂ ಕರೆದು, "ಅಲ್ಲಿ ಕೆಲಸ ಜಾಸ್ತಿ ಆಗ್ಬಿಟ್ಟಿದೆ, ಅವರ ಕೈಲಿ ಆಗ್ತಿಲ್ಲ. ನೀವಿಬ್ರೂ ನನ್ ಜೊತೆ ಎರಡು ತಿಂಗಳು ಅಲ್ಲಿಗೆ ಬಂದು ಕಲ್ತ್‌ಕೊಂಡು ಅವರಿಗೆ ಹೆಲ್ಪ್ ಮಾಡ್ಬೇಕು" ಎಂದರು. ಹೆಲ್ಪ್ ಎಂದೇ ಹೇಳಿದ್ದು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಹಿಗ್ಗಿಹೋದೆ. ಅಕ್ಕ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಗೆಳತಿ ನನ್ನನ್ನು ಶಿವಾಜಿನಗರಕ್ಕೆ ಎಳೆದುಕೊಂಡು ಹೋಗಿ, ರಸೆಲ್ ಮಾರ್ಕೆಟ್ ಪಕ್ಕದ ಓಣಿಯಲ್ಲಿ ಸೆಕೆಂಡ್ ಹ್ಯಾಂಡ್ ಕೋಟುಗಳ ರಾಶಿಯಿಂದ ಒಂದನ್ನು ಕಿತ್ತು ತೆಗೆದು, ಅಂಗಡಿಯವನ ಜೊತೆ ದಖ್ಖನಿ ಉರ್ದುವಿನಲ್ಲಿ ಜಗಳವಾಡಿ ಕೊಡಿಸಿದಳು. ಅದು ನನ್ನ ಮೊಣಕಾಲಿನ ಕೆಳಗೆ ಬರುತ್ತಿತ್ತು.

ಅಲ್ಲಿನ ಆಫೀಸಿನಲ್ಲಿ ನಮ್ಮ ಕೆಲಸದ ವಿಭಾಗದಲ್ಲಿ ಎಂಟು ಜನ ಇದ್ದರು. ಏಳು ಜನ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಗುಡ್ ಮಾರ್ನಿಂಗ್ ಎಂದರೆ ಕೀಲಿಮಣೆ ನೋಡುತ್ತಾ ಗುಂಯ್ ಅನ್ನುತ್ತಿದ್ದರು. ಟೀ ಮಾಡುವ ಕೋಣೆಗೆ ನಾವು ಹೋದರೆ ಮಾತು ನಿಲ್ಲುತ್ತಿತ್ತು. ಬಣ್ಣ ನೋಡಿ ಹೀಗೆ ಮಾಡುತ್ತಾರೆ ಎಂದು ನನಗೆ ಸಿಟ್ಟು. ರಾತ್ರಿ ಅಕ್ಕನಿಗೆ ಫೋನ್ ಮಾಡಿದಾಗೆಲ್ಲ ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಎಂಟನೆಯವರು ನಮಗೆ ಕಲಿಸುತ್ತಿದ್ದ ಹೆಂಗಸು. ಐವತ್ತೈದರ ಆಚೀಚೆಯ ವಯಸ್ಸು, ಗಿಡ್ಡ ದೇಹ, ಕತ್ತಿಗೆ ದಾರದಲ್ಲಿ ನೇತುಹಾಕಿಕೊಂಡ ಕನ್ನಡಕ. ನಾವಿಬ್ಬರೂ ನಮ್ಮನಮ್ಮಲ್ಲಿ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು. ಶಾಲೆ ಬಿಟ್ಟ ವರ್ಷವೇ ಆ ಕುರ್ಚಿಯಲ್ಲಿ ಕೂತವರಂತೆ. ಪತ್ರ ಹೇಗೆ ಓದಬೇಕೆಂದು ನನಗೆ ಹೇಳಿಕೊಟ್ಟವರು ಅವರೇ. ಗಂಡ ಸತ್ತ ಮುದುಕಿಯೊಬ್ಬಳು ಆರು ಪುಟ ಬರೆದಿದ್ದರೆ ನಾನು ಪಾಲಿಸಿ ನಂಬರಿಗಾಗಿ ಹುಡುಕುತ್ತಿದ್ದೆ. ಟೀಚರಮ್ಮ ಪತ್ರ ಕಿತ್ತುಕೊಂಡು, "ಮೊದ್ಲು ಗಂಡನ ಹೆಸರೇನು ನೋಡು. ಉತ್ತರದಲ್ಲಿ ಆ ಹೆಸರು ಬರ್ಬೇಕು. ನಂಬರ್ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು. ನಾನು ತಪ್ಪು ಮಾಡಿದರೆ ಮೂರು ಸಲ, ನಾಲ್ಕು ಸಲ ಹೇಳಿಕೊಡುತ್ತಿದ್ದರು. ನನ್ನ ಕೋಟು ನೋಡಿ ನಕ್ಕು, ಮಾರನೇ ದಿನ ಮನೆಯಿಂದ ಸೂಜಿದಾರ ತಂದು ತೋಳು ಮಡಿಸಿ ಹೊಲಿದುಕೊಟ್ಟರು.

ಐದನೇ ವಾರದಲ್ಲಿ ಕಂಪನಿ ನಮ್ಮೆಲ್ಲರಿಗೂ ಒಂದು ದಿನದ ಪ್ರವಾಸ ಇಟ್ಟಿತು. ಅಲ್ಲಿಯವರು ಎಂಟು, ನಾವು ಮೂವರು, ಒಂದು ಪುಟ್ಟ ವ್ಯಾನು. ಕೋಟೆ, ಸರೋವರ, ಮಧ್ಯೆ ಊಟ. "ಟೀಮ್ ಒಂದಾಗ್ಬೇಕು ನೋಡಿ" ಎಂದು ಮ್ಯಾನೇಜರು ಹೊಸ ಡಿಜಿಟಲ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದರು.

ವ್ಯಾನು ಓಡಿಸುವವನೇ ಗೈಡು. ಸ್ಕರ್ಟಿನಂಥ ಚೌಕಳಿ ಬಟ್ಟೆ ಉಟ್ಟ ದಪ್ಪ ಮನುಷ್ಯ, ಮೈಕಿನಲ್ಲಿ ಒಂದೇ ಸಮನೆ ಮಾತು. ಸರೋವರಕ್ಕೆ ಅವರು ಹೇಳುವ ಪದವನ್ನು ನಮ್ಮಿಂದ ಹೇಳಿಸಿದ. ನಾನು "ಲಾಕ್" ಎಂದೆ. ಅದು ಬೀಗ ಎಂದು ಅವನು ನಕ್ಕ. ಗೆಳತಿ ಗಂಟಲಿನ ಆಳದಿಂದ "ಲಾಖ್" ಎಂದಳು, ಮನೆಯಲ್ಲಿ ಚಿಕ್ಕಮ್ಮನನ್ನು ಖಾಲಾ ಎಂದು ಕರೆಯುವ ಹಾಗೆಯೇ. ಗೈಡು ಸ್ಟೀರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದ. ಮುಖ ತಿರುಗಿಸುತ್ತಿದ್ದವರಲ್ಲೂ ಒಬ್ಬಿಬ್ಬರು ನಕ್ಕರು. ಐದು ವಾರದಲ್ಲಿ ಅದೇ ಮೊದಲು.

ಕೋಟೆ ಬೆಟ್ಟದ ಬುಡದಲ್ಲಿತ್ತು. ಚಿತ್ರದುರ್ಗದ ಕೋಟೆ ನೋಡಿ ಬೆಳೆದ ನನಗೆ ಅದು ಕೋಟೆ ಅನ್ನಿಸಲಿಲ್ಲ, ಗೋಪುರ ಇಟ್ಟ ದೊಡ್ಡ ಬಂಗಲೆಯಂತಿತ್ತು. ಒಳಗೆ ಗೋಡೆ ತುಂಬ ಜಿಂಕೆ ತಲೆಗಳು. ಮೆಟ್ಟಿಲ ಬಳಿ ನಿಂತು ಗೈಡು, ಈ ಪೂರ್ವದ ಭಾಗವನ್ನು ಮನೆತನದ ಎರಡನೇ ಮಗ ಇಂಡಿಯಾದಲ್ಲಿ ಗಳಿಸಿದ ದುಡ್ಡಿನಲ್ಲಿ ಕಟ್ಟಿಸಿದ್ದು ಎಂದ. ಆಮೇಲೆ ನಮ್ಮ ಮೂವರ ಕಡೆ ತಿರುಗಿ, ಟೋಪಿ ಎತ್ತಿ, "ನಿಮಗೆ ಥ್ಯಾಂಕ್ಸ್" ಎಂದು ಕಣ್ಣು ಹೊಡೆದ. ಮ್ಯಾನೇಜರು ಹಲ್ಲು ಕಿರಿದರು. ನಾನು ಕಿರಿಯಲಿಲ್ಲ. ಏನು ಗಳಿಸಿದನಂತೆ? ಕೂಲಿ ಮಾಡಿ ಗಳಿಸಿದನೇ? ಕೇಳಬೇಕೆಂದುಕೊಂಡೆ, ಇಂಗ್ಲಿಷು ಬಾಯಿಗೆ ಬರುವ ಹೊತ್ತಿಗೆ ಗುಂಪು ಮುಂದಿನ ಕೋಣೆಗೆ ಹೋಗಿತ್ತು. ಟೀಚರಮ್ಮ ಮಾತ್ರ ನನ್ನ ಪಕ್ಕ ನಿಂತಿದ್ದರು. "ನನ್ನಜ್ಜ ಕಲ್ಲಿದ್ದಲು ಗಣೀಲಿ ಸತ್ತ. ಇಂಥ ಮನೆಗಳ ಒಲೆಗೆ ಆ ಕಲ್ಲಿದ್ದಲು ಹೋಗ್ತಿತ್ತು. ನಾನೂ ಒಳಗೆ ಕಾಲಿಡ್ತಿರೋದು ಇದೇ ಮೊದಲು" ಎಂದರು.

ಊಟಕ್ಕೆ ಬೇಳೆ ಸೂಪು ಎಂದು ಕೊಟ್ಟರು. ಟೀಚರಮ್ಮ ಎದ್ದು ಅಡಿಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದು, ನಮ್ಮಿಬ್ಬರ ಮುಂದಿನ ಬಟ್ಟಲುಗಳನ್ನು ಸರಿಸಿದರು. ಹಂದಿ ಮೂಳೆ ಹಾಕಿ ಕುದಿಸಿದ್ದರಂತೆ. ತಮ್ಮ ಚೀಲದಿಂದ ಪೊಟ್ಟಣ ತೆಗೆದರು. ನನಗೂ ಗೆಳತಿಗೂ ಚೀಸು, ಸೌತೆಕಾಯಿ ಇಟ್ಟ ಸ್ಯಾಂಡ್‌ವಿಚ್ಚು. ಹೀಗಾಗುತ್ತದೆಂದು ಗೊತ್ತಿದ್ದು ಬೆಳಿಗ್ಗೆಯೇ ಮಾಡಿ ತಂದಿದ್ದರು.

ಮಧ್ಯಾಹ್ನ ಸರೋವರಕ್ಕೆ ಬಂದೆವು. ಕಪ್ಪು ನೀರು, ಆಚೆ ದಂಡೆಯ ಬೆಟ್ಟದ ಅರ್ಧ ಮೋಡದೊಳಗೆ. ಉಳಿದವರು ದೋಣಿಕಟ್ಟೆಯ ಕಡೆ ಹೋದರು. ನಾನೂ ಟೀಚರಮ್ಮನೂ ಒಂದು ಬೆಂಚಿನ ಮೇಲೆ ಕೂತೆವು. ಸ್ಯಾಂಡ್‌ವಿಚ್ಚಿನ ಋಣಕ್ಕೆ ಏನಾದರೂ ಒಳ್ಳೆ ಮಾತು ಆಡಬೇಕೆನಿಸಿ ನಾನು, "ಕ್ರಿಸ್‌ಮಸ್ ಆದ್ಮೇಲೆ ನಿಮ್ಗೆ ಸ್ವಲ್ಪ ಆರಾಮ ಸಿಗುತ್ತೆ ಬಿಡಿ. ಅರ್ಧ ಪತ್ರ ನಾವೇ ನೋಡ್ಕೋತೀವಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಅಣಕಿಸುತ್ತಿದ್ದೇನೆಯೇ ಎಂದು ಪರೀಕ್ಷಿಸುವ ನೋಟ ಅದು.

"ನಿಮಗೆ ಯಾರೂ ಹೇಳಿಲ್ವಾ?"

"ಏನು?"

"ಕ್ರಿಸ್‌ಮಸ್ ಆದ್ಮೇಲೆ ನಮ್ಮ ವಿಭಾಗ ಮುಚ್ಚುತ್ತೆ. ಎಂಟೂ ಜನ ಮನೆಗೆ. ನಿಮಗೆ ಸರಿಯಾಗಿ ಕಲಿಸಿದ್ರೆ ಮಾತ್ರ ಹೋಗುವಾಗ ಕೊಡೋ ಪರಿಹಾರ ಪೂರ್ತಿ ಸಿಗುತ್ತೆ. ಹಾಗಂತ ಬರೆದು ಸಹಿ ಹಾಕಿಸ್ಕೊಂಡಿದ್ದಾರೆ."

ನನಗೆ ಆ ಚಳಿಯಲ್ಲೂ ಕಿವಿ ಬಿಸಿಯಾಯಿತು. ಟೀ ಕೋಣೆಯಲ್ಲಿ ಮಾತು ನಿಲ್ಲುತ್ತಿದ್ದದ್ದು, ಗುಂಯ್ ಅನ್ನುತ್ತಿದ್ದದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ಅವರ ಕುರ್ಚಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ದಿನಾ ಅವರ ಅನ್ನವನ್ನು ಸ್ವಲ್ಪ ಸ್ವಲ್ಪವೇ ನನ್ನ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದೆ. ನಗುನಗುತ್ತಾ ಬರೆದುಕೊಳ್ಳುತ್ತಿದ್ದೆ. ಅವರನ್ನು ಕೊಬ್ಬಿನವರು ಎಂದು ಅಕ್ಕನ ಹತ್ತಿರ ಬೈದಿದ್ದೆ.

"ನಂಗೆ ಗೊತ್ತಿರ್ಲಿಲ್ಲ" ಎಂದೆ. ಟೀಚರಮ್ಮ ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಟ್ಟಿದರು. ಕೆಲಸ ಹೋಗುತ್ತಿರುವುದು ಅವರದು, ಸಮಾಧಾನ ನನಗೆ!

ಅಷ್ಟರಲ್ಲಿ ಮ್ಯಾನೇಜರು ಎಲ್ಲರನ್ನೂ ಕೂಗಿದರು. ಕಂಪನಿಯ ಪತ್ರಿಕೆಗೆ ಫೋಟೋ ಬೇಕಂತೆ. ಅವರೊಬ್ಬರು, ನಾವೊಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಸರೋವರಕ್ಕೆ ಬೆನ್ನು ಮಾಡಿ ನಿಲ್ಲಬೇಕಂತೆ. ಗೈಡಿನ ಕೈಗೆ ಕ್ಯಾಮೆರಾ ಕೊಟ್ಟರು. ನಾನು ಹೋಗಿ ಮ್ಯಾನೇಜರ ಎದುರು ನಿಂತೆ. ಮಾತು ಕನ್ನಡದಲ್ಲೇ ಬಂತು.

"ಸಾರ್, ಇವರ ಕೆಲ್ಸ ಹೋಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಅವರು ಅತ್ತಿತ್ತ ನೋಡಿದರು. "ಇಲ್ಲಿ ಬೇಡ ರೀ. ಹೋಟ್ಲಿಗೆ ಹೋಗಿ ಮಾತಾಡೋಣ. ಬನ್ನಿ, ನಿಂತ್ಕೊಳ್ಳಿ."

"ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು. ಹೇಳಿದ್ರೆ ನೀವು ಬರ್ತಿದ್ರಾ?"

"ಹೆಲ್ಪ್ ಅಂದ್ರಲ್ಲ ಸಾರ್! ಹೆಲ್ಪ್ ಅಂತ ಹೇಳಿ ಕರ್ಕೊಂಡ್ ಬಂದ್ರಲ್ಲ!"

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ. ನಾವು ಬಿಟ್ರೆ ಇನ್ನೊಂದು ಕಂಪನಿ ಬರುತ್ತೆ. ಸೀನ್ ಮಾಡ್ಬೇಡಿ, ಎಲ್ರೂ ನೋಡ್ತಿದಾರೆ."

ಅಡ್ಜಸ್ಟ್. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನು ಬಂದು ಕೂರುವಾಗ ಹೇಳುವ ಮಾತದು. ಕೂತವರನ್ನು ಎಬ್ಬಿಸಿ ಆಚೆ ಹಾಕುವುದಕ್ಕೂ ಅದೇ ಮಾತೇ? ನಾನು ಫೋಟೋಗೆ ನಿಲ್ಲುವುದಿಲ್ಲ ಎಂದೆ. ಅಲ್ಲಿಯವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ. ಆಮೇಲೆ ಟೀಚರಮ್ಮ ಬಂದು ನನ್ನ ಪಕ್ಕ ನಿಂತರು. ಉಳಿದವರಲ್ಲಿ ಮೂವರು ಕ್ಯಾಮೆರಾಗೆ ಬೆನ್ನು ತಿರುಗಿಸಿ ವ್ಯಾನಿನ ಕಡೆ ನಡೆದರು. ಕೊನೆಗೆ ಫೋಟೋದಲ್ಲಿ ಉಳಿದದ್ದು ಅಲ್ಲಿಯ ನಾಲ್ವರು, ನಮ್ಮ ಮ್ಯಾನೇಜರು ಮತ್ತು ನನ್ನ ಗೆಳತಿ.

ಹೌದು, ಗೆಳತಿ ನಿಂತಳು. ವಾಪಸು ಬರುವಾಗ ನಾನು ಅವಳ ಪಕ್ಕ ಕೂರಲಿಲ್ಲ. ಗೈಡು ಪಿಟೀಲಿನ ಕ್ಯಾಸೆಟ್ಟು ಹಾಕಿದ, ಸ್ವಲ್ಪ ಹೊತ್ತಿಗೆ ಅವನೇ ನಿಲ್ಲಿಸಿದ. ಹೋಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಅವಳು ಮಂಚದ ಮೇಲೆ ಕೂತು ಶೂ ಬಿಚ್ಚುತ್ತಾ ಹೇಳಿದಳು: "ನಂಗೆ ಬೆಂಗ್ಳೂರಲ್ಲೇ ಗೊತ್ತಾಗಿತ್ತು ಕಣೇ. ಇನ್ನೊಂದು ಕಂಪನೀಲಿ ನಮ್ ಖಾಲಾ ಮಗ ಇದಾನೆ, ಅವ್ನು ಹೇಳಿದ್ದ. ನಮ್ ಅಬ್ಬಾ ಅಂಗಡಿ ಮುಚ್ಚಿದ್ಮೇಲೆ ಮನೇಲಿ ದುಡಿಯೋಳು ನಾನೊಬ್ಳೇ. ನಿನ್ ಥರ ಕೋಪ ಮಾಡ್ಕೊಳ್ಳೋಕೆ ನಂಗೆ ಆಗಲ್ಲ."

"ನಂಗಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಬರ್ತಿರ್ಲಿಲ್ಲ. ಒಬ್ಳೇ ಬರೋಕೆ ನಂಗೆ ಭಯ ಆಯ್ತು."

ಅವಳ ಮೇಲಿನ ಸಿಟ್ಟು ಎರಡು ದಿನವೂ ಉಳಿಯಲಿಲ್ಲ. ಆದರೆ ನಮ್ಮನ್ನು ಹೀಗೆ ಒಬ್ಬರಿಗೊಬ್ಬರು ಮುಚ್ಚಿಡುವ ಹಾಗೆ ಮಾಡಿದವರ ಮೇಲಿನದು ಆರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವಳು, "ಬಿಡೇ, ಇನ್ನೂರು ವರ್ಷ ನಮ್ದು ತಿಂದಿಲ್ವಾ? ಈಗ ನಮ್ ಸರದಿ" ಎಂದಳು. ಆಮೇಲೆ ಕಾಕ್ಸ್ ಟೌನಿನಲ್ಲಿ, ಆಫೀಸಿನಲ್ಲಿ ಎಷ್ಟೋ ಜನ ಇದೇ ಮಾತನ್ನು ಜಾಣತನವೆಂಬಂತೆ ಹೇಳಿದರು. ನಮ್ಮದನ್ನು ತಿಂದವನ ಮನೆಯನ್ನು ನಾನು ಟಿಕೆಟ್ಟು ತೆಗೆದುಕೊಂಡು ನೋಡಿ ಬಂದಿದ್ದೆ. ಒಂದು ಕಲ್ಲೂ ಅಲುಗದೆ ನಿಂತಿತ್ತು. ಬೀದಿಗೆ ಬಿದ್ದದ್ದು ಗಣಿಯಲ್ಲಿ ಸತ್ತವನ ಮೊಮ್ಮಗಳು. ಇದು ಎಂಥ ಸರದಿ?

ಸೋಮವಾರ ಟೀಚರಮ್ಮ ಎಂದಿನಂತೆ ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಪರಿಹಾರದ ಹಣ ಕೈಬಿಟ್ಟು ಹೋಗದಷ್ಟು ಮಾತ್ರ ಕಲಿಸಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಆ ಮುದುಕಿಯರು ಇನ್ನೂ ಪತ್ರ ಬರೀತಾರಲ್ಲ. ಅವರೇನು ಮಾಡಿದಾರೆ?" ಎಂದರು.

ನಾನು ಕೆಲಸ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಬೆಂಗಳೂರಿಗೆ ಬಂದು ಅದೇ ಮಹಡಿಯಲ್ಲಿ ಅದೇ ಪತ್ರಗಳನ್ನು ಮೂರು ವರ್ಷ ಓದಿದೆ. ಕೆಲವು ಪತ್ರಗಳು ಟೀಚರಮ್ಮನ ಹೆಸರಿಗೇ ಬರುತ್ತಿದ್ದವು. ಅವರು ಈಗ ಇಲ್ಲಿಲ್ಲ ಎಂದು ಉತ್ತರಿಸಲು ಕಂಪನಿ ಒಂದು ವಾಕ್ಯ ಬರೆದುಕೊಟ್ಟಿತ್ತು. ನಾಚಿಕೆಯಿಂದ ನಾನು ಅವರ ವಿಳಾಸ ಕೇಳಿಕೊಂಡು ಬಂದಿರಲಿಲ್ಲ.

ವಾಪಸು ಬಂದ ಒಂದು ವರ್ಷದ ಮೇಲೆ ಹೊಸಬರಿಗೆ ಕಲಿಸುವ ಕೆಲಸ ನನಗೇ ಬಂತು. ಮೊದಲ ದಿನ ಹತ್ತು ಹನ್ನೆರಡು ಹುಡುಗ ಹುಡುಗಿಯರ ಮುಂದೆ ನಿಂತು, ಪಾಲಿಸಿ ಎಂದರೇನು ಎಂದು ಹೇಳುವ ಮೊದಲು ಈ ಕೆಲಸ ಯಾರದಾಗಿತ್ತು, ಅದು ನಮ್ಮ ಕೈಗೆ ಹೇಗೆ ಬಂತು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಾರನೇ ದಿನ ಮ್ಯಾನೇಜರು ಕರೆಸಿ, "ಇದೆಲ್ಲ ಸಿಲಬಸ್ಸಲ್ಲಿ ಇದ್ಯೇನ್ರೀ?" ಎಂದರು. ಇಲ್ಲ, ಅದಕ್ಕೇ ಹೇಳಿದೆ ಎಂದೆ. ಕಲಿಸುವ ಕೆಲಸದಿಂದ ನನ್ನನ್ನು ತೆಗೆದರು. ಆ ವರ್ಷ ಬಡ್ತಿಯೂ ಬರಲಿಲ್ಲ. ಅದಕ್ಕೆ ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು, ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪ ಪಟ್ಟಿಲ್ಲ.

ಆ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದ ಹಲಸೂರಿನ ಹುಡುಗಿಯೊಬ್ಬಳು ಕೈ ಎತ್ತಿ, "ಅವ್ರಿಗೆ ಆಮೇಲೆ ಬೇರೆ ಕೆಲ್ಸ ಸಿಕ್ತಾ ಮೇಡಂ?" ಎಂದು ಕೇಳಿದ್ದಳು. ಗೊತ್ತಿಲ್ಲ ಎಂದೆ. ನಮ್ಮ ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳೇ.